58ನೇ ವಯಸ್ಸಿಗೆ ಮೊದಲ ಡೌನ್‌ಹಿಲ್ ಸೈಕಲ್: ಧಾರವಾಡದ ಸುತ್ತ ಓಡಿಸಲು ಯಾವುದನ್ನು ಕೊಳ್ಳಲಿ?

ಸಾಧನಕೇರಿ ದಂಡೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನನಗೆ 58 ವರ್ಷ. ಎರಡು ವರ್ಷಗಳಿಂದ ಸಾಧಾರಣ ಗೇರ್ ಸೈಕಲ್ ಏರಿ ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆಗೆ, ಬಿಡುವಿದ್ದ ದಿನ ಹಳಿಯಾಳ ರಸ್ತೆಯಲ್ಲಿ ಹೋಗಿಬರುತ್ತೇನೆ. ಕಳೆದ ತಿಂಗಳು ಗದಗಿಗೆ ಹೋದಾಗ ತಂಗಿಯ ಮಗ ತನ್ನ ಸೈಕಲ್ ಕೊಟ್ಟು, ಊರ ಹೊರಗಿನ ಒಂದು ಮೊರಂ ದಿಬ್ಬದ ಮೇಲಿಂದ ಇಳಿಯಲು ಹೇಳಿದ. ಹೆಚ್ಚೆಂದರೆ ಮುನ್ನೂರು ಮೀಟರ್ ದಾರಿ. ಅರ್ಧ ದಾರಿಯವರೆಗೆ ಬ್ರೇಕನ್ನು ಬಿಗಿಯಾಗಿ ಹಿಡಿದೇ ಇದ್ದೆ. ಆಮೇಲೆ ಎಲ್ಲಿಂದ ಧೈರ್ಯ ಬಂತೋ, ಬೆರಳು ಸಡಿಲಿಸಿದೆ. ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರಿತ್ತು, ಗಾಳಿಗೆ ಬಂದದ್ದೋ ಖುಷಿಗೆ ಬಂದದ್ದೋ ತಿಳಿಯಲಿಲ್ಲ. ಆ ರಾತ್ರಿ ನಿದ್ದೆಯಲ್ಲಿಯೂ ಅದೇ ದಿಬ್ಬ ಇಳಿಯುತ್ತಿದ್ದೆ.

ಅದಕ್ಕೇ ಒಂದು ಡೌನ್‌ಹಿಲ್ ಸೈಕಲ್ ಕೊಳ್ಳಬೇಕೆಂದಿದ್ದೇನೆ. ಕೈಯಲ್ಲಿ ಒಂದು ಲಕ್ಷದ ಆಸುಪಾಸು ಇದೆ. ಮೂರು ಆಯ್ಕೆಗಳು ಕಣ್ಣ ಮುಂದಿವೆ. ಬೆಂಗಳೂರಿನವರೊಬ್ಬರು ಬಳಸಿದ, ಹೊರದೇಶದಿಂದ ತಂದ ನಿಜವಾದ ಡೌನ್‌ಹಿಲ್ ಸೈಕಲ್. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಮೋಟರ್‌ಬೈಕಿನದರಂತೆ ಹ್ಯಾಂಡಲಿನವರೆಗೂ ಏರಿದೆ. ಎರಡನೆಯದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹೊಸ ಹಾರ್ಡ್‌ಟೇಲ್. ಮೂರನೆಯದು ಅಂಗಡಿಯಲ್ಲಿ ಕಂಡ, ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಕಡಿಮೆ ಬೆಲೆಯ ಸೈಕಲ್. ಎತ್ತರ 5 ಅಡಿ 6 ಅಂಗುಲ, ತೂಕ 78 ಕಿಲೋ. ಎಡಮೊಣಕಾಲು ಮೆಟ್ಟಿಲಿಳಿಯುವಾಗ ಸ್ವಲ್ಪ ನೋಯುತ್ತದೆ, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ಇದೆ. ಮನೆಯವರಿಗೆ ಇನ್ನೂ ಹೇಳಿಲ್ಲ.

ಉಣಕಲ್ ಸವಾರ, ಹುಬ್ಬಳ್ಳಿ

ಸ್ವಾಗತ ಸರ್. ಬೆರಳು ಸಡಿಲಿಸಿದ ಆ ಗಳಿಗೆ ನಮ್ಮೆಲ್ಲರಿಗೂ ಗೊತ್ತು.

ಬೆಂಗಳೂರಿನ ಆ ಸೈಕಲ್ಲನ್ನು ದಯವಿಟ್ಟು ಬಿಟ್ಟುಬಿಡಿ. ಅದು ಕೆಟ್ಟದ್ದೆಂದು ಹೇಳುತ್ತಿಲ್ಲ, ಅದರ ಕೆಲಸವೇ ಬೇರೆ. ನಿಜವಾದ ಡೌನ್‌ಹಿಲ್ ಸೈಕಲ್ಲಿನ ಫೋರ್ಕ್ ಸುಮಾರು 200 ಮಿಲಿಮೀಟರ್ ಕುಸಿಯುತ್ತದೆ. ತೂಕ 15ರಿಂದ 18 ಕಿಲೋ. ಸೀಟು ತೀರ ಕೆಳಗಿರುತ್ತದೆ, ಗೇರುಗಳು ಸಾಮಾನ್ಯವಾಗಿ ಏಳೇ, ಅವೂ ವೇಗಕ್ಕೆ ಬೇಕಾದ ಗೇರುಗಳೇ ಹೊರತು ಏರು ಹತ್ತಲು ಇರುವವಲ್ಲ. ಕೇಬಲ್ ಕಾರಿನಲ್ಲೋ ಜೀಪಿನಲ್ಲೋ ಸೈಕಲ್ಲನ್ನು ಮೇಲಕ್ಕೆ ಒಯ್ದು, ಇಳಿಯುವುದನ್ನಷ್ಟೇ ಮಾಡುವ ಊರುಗಳಿಗಾಗಿ ಮಾಡಿದ್ದು ಅದು. ಧಾರವಾಡದಲ್ಲಿ ನಿಮ್ಮನ್ನು ಮೇಲಕ್ಕೆ ಒಯ್ಯುವವರು ಯಾರು? ನಾಲ್ಕು ನಿಮಿಷದ ಇಳಿತಕ್ಕೆ ನಲವತ್ತು ನಿಮಿಷ ಹತ್ತಬೇಕು. ಆ ಸೈಕಲ್ಲಿನಲ್ಲಿ ಹತ್ತಲಾಗುವುದಿಲ್ಲ, ತಳ್ಳಿಕೊಂಡೇ ಹೋಗಬೇಕು. ಮೂರನೆಯ ವಾರಕ್ಕೆ ಅದು ಮೆಟ್ಟಿಲ ಕೆಳಗೆ ಸೇರುತ್ತದೆ.

ಇನ್ನೊಂದು ಮಾತು. ಅಂತಹ ಸೈಕಲ್ ವೇಗದಲ್ಲಿ, ಕಡಿದಾದ ಇಳಿಜಾರಿನಲ್ಲಿ ಮಾತ್ರ ಜೀವ ತಳೆಯುತ್ತದೆ. ನಮ್ಮ ಮೆತ್ತನೆಯ ದಿಬ್ಬಗಳಲ್ಲಿ ಎಮ್ಮೆಯಂತೆ ತೂಗುತ್ತ ಹೋಗುತ್ತದೆ. ಹೊಸಬರು ಅದರ ಮೇಲೆ ಏನನ್ನೂ ಕಲಿಯುವುದಿಲ್ಲ, ಏಕೆಂದರೆ ನಿಮ್ಮ ತಪ್ಪನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ.

ಗದಗ ಗಾಳಿ, ಗದಗ

ಮೂರನೆಯ ಆಯ್ಕೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಇದನ್ನು ಹೇಳದೆ ಹೋದರೆ ನನ್ನ ಮನಸ್ಸಿಗೆ ಸಮಾಧಾನವಿರುವುದಿಲ್ಲ.

ಕಡಿಮೆ ಬೆಲೆಯ ಎರಡು ಸ್ಪ್ರಿಂಗಿನ ಸೈಕಲ್ಲನ್ನು ಇಳಿಜಾರಿಗೆ ಒಯ್ಯಬೇಡಿ. ನಾನು ಮೊದಲು ಕೊಂಡದ್ದು ಅಂಥದ್ದನ್ನೇ, 46ನೇ ವಯಸ್ಸಿನಲ್ಲಿ. ನೋಡಲು ಚಿತ್ರದಲ್ಲಿರುವ ಸೈಕಲ್ಲಿನಂತೆಯೇ ಇತ್ತು. ಎರಡು ತಿಂಗಳಿಗೆ ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ಬಾಗಿತು. ಬಿಚ್ಚಿ ನೋಡಿದಾಗ ಚಕ್ರದ ನಡುವಿನ ಹಬ್‌ಗೆ ಹಳೆಯ ಕಾಲದ ಹಾಗೆ ಫ್ರೀವೀಲನ್ನು ತಿರುಪಿ ಕೂರಿಸಿದ್ದರು. ಆ ರಚನೆಯಲ್ಲಿ ಬಲಗಡೆಯ ಬೇರಿಂಗ್ ಒಳಕ್ಕೆ ಸರಿದಿರುವುದರಿಂದ ಆಕ್ಸಲಿನ ಉದ್ದನೆಯ ತುದಿ ಆಸರೆಯಿಲ್ಲದೆ ಭಾರ ಹೊರುತ್ತದೆ. ಕಲ್ಲಿನ ಮೇಲೆ ನಾಲ್ಕು ಸಲ ಕುಕ್ಕಿದರೆ ಮುಗಿಯಿತು. ಮಧ್ಯದ ಸ್ಪ್ರಿಂಗಿಗೆ ಮರಳುವಿಕೆಯನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಇರಲೇ ಇಲ್ಲ. ಒಂದು ಗುಂಡಿಗೆ ಕುಸಿದು, ಮುಂದಿನ ಗುಂಡಿಗೆ ನನ್ನನ್ನು ಹ್ಯಾಂಡಲಿನ ಮೇಲಿಂದ ಎತ್ತಿ ಒಗೆಯಿತು. ಬಲಗೈ ಮಣಿಕಟ್ಟು ಆರು ವಾರ ಪಟ್ಟಿಯಲ್ಲಿತ್ತು.

ಅಂಗಡಿಗೆ ಹೋದಾಗ ಬಣ್ಣ, ಗೇರಿನ ಲೆಕ್ಕ ಆಮೇಲೆ ನೋಡಿ. ಮೊದಲು ಬಗ್ಗಿ ಫ್ರೇಮಿನ ಕೆಳಭಾಗವನ್ನು, ಜೊತೆಗೆ ಕೊಡುವ ಪುಸ್ತಕವನ್ನು ಹುಡುಕಿ. ಹಲವು ಕಂಪನಿಗಳು ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ದರ್ಜೆಯ ಚೀಟಿ ಅಂಟಿಸಿರುತ್ತವೆ. 1 ಎಂದರೆ ಡಾಂಬರು ರಸ್ತೆ. 2 ಎಂದರೆ ಜಲ್ಲಿ ದಾರಿ, 15 ಸೆಂಟಿಮೀಟರ್‌ವರೆಗಿನ ಸಣ್ಣ ಇಳಿತ. 3 ಎಂದರೆ ಒರಟು ಕಾಲುದಾರಿ, 61 ಸೆಂಟಿಮೀಟರಿಗಿಂತ ಕಡಿಮೆ ಎತ್ತರದಿಂದ ಧುಮುಕುವುದು. 4 ಎಂದರೆ 122 ಸೆಂಟಿಮೀಟರಿಗಿಂತ ಕಡಿಮೆ. 5 ನಿಜವಾದ ಡೌನ್‌ಹಿಲ್. ನಿಮಗೆ 3 ಸಾಕು, 4 ಸಿಕ್ಕರೆ ಹಬ್ಬ. ಚೀಟಿಯೂ ಇಲ್ಲದೆ, ಪುಸ್ತಕದಲ್ಲಿಯೂ ಬರೆಯದೆ ‘ಮೌಂಟನ್’ ಎಂದು ಫ್ರೇಮಿನ ಮೇಲೆ ಬರೆದಿದ್ದರೆ ಅದು ಬಣ್ಣದ ಮಾತು.

ಏಲಕ್ಕಿ ಹಾರ, ಹಾವೇರಿ

ಇಲ್ಲಿಯವರೆಗಿನದೆಲ್ಲ ಒಪ್ಪಿದೆ. ಆದರೆ ಮುಂದೆ ಎಲ್ಲರೂ ಸೇರಿ ಸರ್ ಅವರಿಗೆ ಹಾರ್ಡ್‌ಟೇಲ್ ಕೊಡಿಸುತ್ತೀರಿ ಎಂದು ಗೊತ್ತಿರುವುದರಿಂದ ಈಗಲೇ ತಕರಾರು ಎತ್ತುತ್ತೇನೆ.

ನಾನು ಶುರು ಮಾಡಿದ್ದು 52ಕ್ಕೆ, ಹಾರ್ಡ್‌ಟೇಲಿನಲ್ಲಿ. ‘ಹಾರ್ಡ್‌ಟೇಲ್ ಪಾಠ ಕಲಿಸುತ್ತದೆ’ ಎನ್ನುವವರು ಇಪ್ಪತ್ತೈದರ ಹುಡುಗರು. ನನಗೆ ಅದು ಕಲಿಸಿದ್ದು ಸೊಂಟ ನೋವನ್ನು. ಒಂದು ಗಂಟೆ ಕಲ್ಲುದಾರಿಯಲ್ಲಿ ಓಡಿಸಿದರೆ ಮರುದಿನ ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ಒಂದು ವರ್ಷದ ನಂತರ ಅದನ್ನು ಮಾರಿ, ಹಿಂದೆ ಮುಂದೆ 130 ಮಿಲಿಮೀಟರ್ ಕುಸಿಯುವ ಟ್ರೇಲ್ (ಕಾಲುದಾರಿಯ) ಸೈಕಲ್ಲನ್ನು ಬಳಸಿದ್ದೇ ಕೊಂಡೆ. ಏರನ್ನೂ ಹತ್ತುತ್ತದೆ. ಇಳಿಯುವಾಗ ಹಿಂದಿನ ಚಕ್ರ ನೆಲ ಬಿಡುವುದಿಲ್ಲ, ಹಾಗಾಗಿ ಬ್ರೇಕ್ ಹಿಡಿದಾಗ ಹಿಡಿತವೂ ತಪ್ಪುವುದಿಲ್ಲ. ವಯಸ್ಸಾದವರಿಗೆ ಆರಾಮವೇ ಸುರಕ್ಷತೆ. ದಣಿದ ಕೈ ತಡವಾಗಿ ಬ್ರೇಕ್ ಹಿಡಿಯುತ್ತದೆ.

ಅಡಚಣೆಯನ್ನೂ ಹೇಳಬೇಕು. ಫ್ರೇಮಿನ ಕೀಲುಗಳಲ್ಲಿ ಬೇರಿಂಗುಗಳಿವೆ, ಒಂದು ಮಳೆಗಾಲ ಕೆಸರಿನಲ್ಲಿ ಓಡಿಸಿದರೆ ಕಿರುಗುಟ್ಟುತ್ತವೆ. ಹಿಂದಿನ ಶಾಕ್ ಅಬ್ಸಾರ್ಬರಿನ ಸೀಲು ಬದಲಿಸಬೇಕಾದಾಗ ಹಾವೇರಿಯಲ್ಲಿ ಮುಟ್ಟುವವರು ನನಗೆ ಸಿಗಲಿಲ್ಲ. ಡಬ್ಬದಲ್ಲಿ ಹಾಕಿ ಬೆಂಗಳೂರಿಗೆ ಕಳುಹಿಸಿದೆ, ಮೂರು ವಾರ ಸೈಕಲ್ ಇಲ್ಲದೆ ಕುಳಿತೆ. ಬಳಸಿದ್ದನ್ನು ಕೊಳ್ಳುವುದಾದರೆ ಸೀಟಿನ ತುದಿ ಹಿಡಿದು ಮೆಲ್ಲಗೆ ಮೇಲೆತ್ತಿ. ಚಕ್ರ ನೆಲ ಬಿಡುವ ಮೊದಲು ‘ಟಕ್’ ಎಂದು ಸಣ್ಣ ಸಡಿಲ ಕೈಗೆ ತಿಳಿದರೆ ಕೀಲು ಸವೆದಿದೆ ಎಂದೇ ಅರ್ಥ.

ಸಾಧನಕೇರಿ ದಂಡೆ

ಎಲ್ಲರಿಗೂ ಕೃತಜ್ಞತೆ. ಡೌನ್‌ಹಿಲ್ ಸೈಕಲ್ ಆಸೆ ಬಿಟ್ಟೆ. ಬಿಡುವಾಗ ಸ್ವಲ್ಪ ಸಂಕಟವಾಯಿತು, ಅಷ್ಟು ಚೆಂದವಿತ್ತು. ಎರಡು ಸ್ಪ್ರಿಂಗಿನದನ್ನೂ ಬಿಟ್ಟೆ.

ಒಂದು ವಿಷಯ ಕೇಳಬೇಕು. ಆ ಬೆಂಗಳೂರಿನವರು ಫೋನಿನಲ್ಲಿ, ‘ಎಡಗೈ ಬ್ರೇಕ್ ಮುಂದಿನ ಚಕ್ರಕ್ಕೆ, ನೆನಪಿರಲಿ’ ಎಂದಿದ್ದರು. ನಾನು ಮೂವತ್ತು ವರ್ಷ ಸ್ಕೂಟರ್ ಓಡಿಸಿದವನು, ಮುಂದಿನ ಬ್ರೇಕ್ ಎಂದರೆ ನನ್ನ ಬಲಗೈ. ಇದು ಅಷ್ಟು ಮುಖ್ಯವೇ? ಮತ್ತೆ ಒಂದು ಲಕ್ಷದಲ್ಲಿ ಯಾವ ಭಾಗಕ್ಕೆ ಹೆಚ್ಚು ಹಣ ಹೋಗಬೇಕು?

ಗದಗ ಗಾಳಿ

ತುಂಬ ಮುಖ್ಯ. ಯುರೋಪು, ಅಮೆರಿಕದಿಂದ ಬರುವ ಬಹುಪಾಲು ಸೈಕಲ್ಲುಗಳಲ್ಲಿ ಮುಂದಿನ ಬ್ರೇಕ್ ಎಡಗೈಗೆ ಇರುತ್ತದೆ. ಗಾಬರಿಯಾದಾಗ ಕೈ ಮೂವತ್ತು ವರ್ಷದ ಅಭ್ಯಾಸದ ಮಾತು ಕೇಳುತ್ತದೆಯೇ ಹೊರತು ತಲೆಯ ಮಾತನ್ನಲ್ಲ. ಎಡಗೈ ಹಿಂದಿನ ಬ್ರೇಕ್ ಎಂದು ಗಟ್ಟಿಯಾಗಿ ಅದುಮುತ್ತೀರಿ, ಮುಂದಿನ ಚಕ್ರ ನಿಲ್ಲುತ್ತದೆ, ನೀವು ಹ್ಯಾಂಡಲ್ ದಾಟಿ ಹೋಗುತ್ತೀರಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ಬ್ರೇಕಿನ ಕೊಳವೆಗಳನ್ನು ಅದಲುಬದಲು ಮಾಡಿಸಬಹುದು, ಒಂದು ಗಂಟೆಯ ಕೆಲಸ. ಯಾವ ಸೈಕಲ್ ಕೊಂಡರೂ ಮನೆಗೆ ತರುವ ಮೊದಲೇ ಬಲಗೈಗೆ ಮುಂದಿನದು ಬರುವಂತೆ ಮಾಡಿಸಿ.

ಹಣ ಎಲ್ಲಿಗೆ ಹೋಗಬೇಕೆಂದರೆ, ಬ್ರೇಕಿಗೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಈ ಆಟ ಹುಟ್ಟಿದ್ದೇ ಬ್ರೇಕಿನ ಬಿಸಿಯಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟದ ಮಣ್ಣುದಾರಿಯಲ್ಲಿ ಪಂದ್ಯ ಶುರು ಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಹಬ್ ಬ್ರೇಕುಗಳು ಅವರವು. ಒಂದು ಸಲ ಇಳಿದರೆ ಹಬ್ಬಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸ ಗ್ರೀಸ್ ತುಂಬಬೇಕಾಗುತ್ತಿತ್ತು. ಮತ್ತೆ ತುಂಬುವುದು ಎಂಬ ಅರ್ಥದಲ್ಲಿಯೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. 78 ಕಿಲೋ ನೀವು, 14 ಕಿಲೋ ಸೈಕಲ್, ನೀರು, ಚೀಲ. ಹತ್ತಿರ ಹತ್ತಿರ 95 ಕಿಲೋ ಇಳಿಯುತ್ತಿದೆ. ಅದರ ವೇಗವೆಲ್ಲ ಅಂಗೈಯಗಲದ ಉಕ್ಕಿನ ತಟ್ಟೆಯಲ್ಲಿ ಬಿಸಿಯಾಗಿ ಹೋಗಬೇಕು. ಆದ್ದರಿಂದ ಹೈಡ್ರಾಲಿಕ್ ಡಿಸ್ಕ್ ಬೇಕೇ ಬೇಕು. ಮುಂದೆ 180 ಮಿಲಿಮೀಟರ್ ಡಿಸ್ಕ್, ಹಿಂದೆ 160 ಇದ್ದರೂ ನಡೆಯುತ್ತದೆ. ತಂತಿ ಎಳೆಯುವ ಡಿಸ್ಕ್ ಬ್ರೇಕಿನಲ್ಲಿ ಎರಡು ಬೆರಳು, ಆಮೇಲೆ ಮೂರು, ಕೊನೆಗೆ ಇಡೀ ಮುಷ್ಟಿ ಬೇಕಾಗುತ್ತದೆ. ಆಗ ಹ್ಯಾಂಡಲ್ ಹಿಡಿಯಲು ಬೆರಳು ಉಳಿಯುವುದಿಲ್ಲ. ಒಳ್ಳೆಯ ಹೈಡ್ರಾಲಿಕ್‌ನಲ್ಲಿ ತೋರುಬೆರಳೊಂದೇ ಸಾಕು. ಲಿವರನ್ನು ಹ್ಯಾಂಡಲಿನ ಹತ್ತಿರಕ್ಕೆ ತರುವ ಸಣ್ಣ ತಿರುಪು ಇರುತ್ತದೆ, ನಿಮ್ಮ ಬೆರಳಿನ ಮೊದಲ ಗೆಣ್ಣು ಲಿವರಿನ ತುದಿಯ ಕೊಕ್ಕೆಗೆ ಕೂರುವಂತೆ ತಿರುಗಿಸಿಕೊಳ್ಳಿ.

ಹೊಸ ಪ್ಯಾಡುಗಳು ಮೊದಲ ದಿನ ಹಿಡಿಯುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ವೇಗ ತೆಗೆದುಕೊಂಡು, ಪೂರ್ತಿ ನಿಲ್ಲಿಸದೆ ನಿಧಾನಗೊಳಿಸುವುದನ್ನು ಇಪ್ಪತ್ತು ಸಲ ಮಾಡಿ. ಹದಿನೈದನೆಯ ಸಲಕ್ಕೆ ಲಿವರಿನ ಸ್ಪರ್ಶವೇ ಬದಲಾಗುವುದು ಬೆರಳಿಗೆ ತಿಳಿಯುತ್ತದೆ. ಬ್ರೇಕಿನ ಎಣ್ಣೆಯ ವಿಷಯದಲ್ಲಿಯೂ ಎಚ್ಚರವಿರಲಿ. ಕೆಲವು ಬ್ರೇಕುಗಳಿಗೆ ಮಿನರಲ್ ಎಣ್ಣೆ, ಕೆಲವಕ್ಕೆ ಮೋಟರ್‌ಬೈಕಿನಲ್ಲಿ ಬಳಸುವ ಡಾಟ್ ದ್ರವ. ಒಂದರ ಜಾಗಕ್ಕೆ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಗ್ಯಾರೇಜಿನಲ್ಲಿ ‘ಯಾವುದಾದರೇನು’ ಎಂದರೆ ಸೈಕಲ್ ಎತ್ತಿಕೊಂಡು ಹೊರಗೆ ಬನ್ನಿ.

ಉಣಕಲ್ ಸವಾರ

ಬ್ರೇಕಿನ ನಂತರ ಡ್ರಾಪರ್ ಪೋಸ್ಟ್. ಹ್ಯಾಂಡಲಿನ ಗುಂಡಿ ಒತ್ತಿ ಮೈಭಾರ ಬಿಟ್ಟರೆ ಸೀಟು ಕೆಳಗಿಳಿಯುತ್ತದೆ. ಹತ್ತುವಾಗ ಮೇಲಿರುವ ಸೀಟು ಇಳಿಯುವಾಗಲೂ ಮೇಲೇ ಇದ್ದರೆ ನಿಮ್ಮನ್ನು ಹಿಂದಿನಿಂದ ತಳ್ಳುತ್ತದೆ. ಸೀಟು ಕೆಳಗೆ ಹೋದರೆ ಸೊಂಟ ಬಗ್ಗಿಸಿ ತಗ್ಗಿ ನಿಲ್ಲಲು ಜಾಗ ಸಿಗುತ್ತದೆ, ಇಳಿತದ ಹೆದರಿಕೆಯ ಅರ್ಧ ಅಲ್ಲಿಗೇ ಹೋಗುತ್ತದೆ. ಕೊಳ್ಳುವ ಫ್ರೇಮಿನಲ್ಲಿ ಅದರ ತಂತಿ ಒಳಹೋಗಲು ರಂಧ್ರವಿದೆಯೇ ನೋಡಿ. ಫೋರ್ಕ್ 120 ಮಿಲಿಮೀಟರಿನದ್ದು, ಗಾಳಿ ತುಂಬುವಂಥದ್ದು, ಚಕ್ರಕ್ಕೆ 15 ಮಿಲಿಮೀಟರಿನ ಥ್ರೂ ಆಕ್ಸಲ್ (ಹಬ್ ಮೂಲಕ ತೂರಿ ಕೂರುವ ದಪ್ಪ ಅಚ್ಚು) ಇರಲಿ. ಟೈರ್ ಅಗಲ 2.4 ಅಂಗುಲಕ್ಕಿಂತ ಕಡಿಮೆ ಬೇಡ.

ಕೀಲು ಕಾಳಜಿ, ಹುಬ್ಬಳ್ಳಿ

ನಾನು ಫಿಸಿಯೋಥೆರಪಿಸ್ಟ್. ಸೈಕಲ್ಲಿನ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ಬಿದ್ದವರನ್ನು ದಿನವೂ ನೋಡುತ್ತೇನೆ.

ಮೊದಲನೆಯದು ಕನ್ನಡಕ. ಸರ್, ನಿಮ್ಮ ವಯಸ್ಸಿಗೆ ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕವಿರುವ ಸಾಧ್ಯತೆ ಹೆಚ್ಚು. ಅದರ ಕೆಳಭಾಗ ಓದಲು ಮಾಡಿದ್ದು. ಇಳಿಯುವಾಗ ಗದ್ದ ಸ್ವಲ್ಪ ಮೇಲಿದ್ದು ಕಣ್ಣು ಕೆಳಗೆ ಹೊರಳುತ್ತದೆ, ಆಗ ಚಕ್ರದ ಮುಂದಿನ ಕಲ್ಲು ಓದುವ ಗಾಜಿನ ಮೂಲಕ ಕಾಣುತ್ತದೆ. ಮಸುಕಾಗಿ, ಇದ್ದ ಜಾಗಕ್ಕಿಂತ ಬೇರೆಡೆ ಇರುವಂತೆ. ಮೆಟ್ಟಿಲು ಇಳಿಯುವಾಗ ಹಿರಿಯರು ಎಡವುವುದಕ್ಕೂ ಇದೇ ಕಾರಣ. ಸೈಕಲ್ಲಿಗೆಂದೇ ದೂರದ ನಂಬರಿನ, ಒಡೆಯದ ಪಾಲಿಕಾರ್ಬೊನೇಟ್ ಗಾಜಿನ ಬೇರೆ ಕನ್ನಡಕ ಮಾಡಿಸಿ.

ಎರಡನೆಯದು ಮಾತ್ರೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಶ್ರಮಪಟ್ಟಾಗ ಎದೆಬಡಿತ ಏರದಂತೆ ತಡೆಯುತ್ತವೆ, ಏರು ಹತ್ತುವಾಗ ಬೇಗ ಸುಸ್ತಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಲೆಗೆ ಬೀಳುವ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ. ವೈದ್ಯರ ಹತ್ತಿರ ‘ಸೈಕಲ್ ಹೊಡೆಯುತ್ತೇನೆ’ ಎಂದಷ್ಟೇ ಹೇಳಬೇಡಿ, ಬೀಳುವ ಸಾಧ್ಯತೆ ಇರುವ ಆಟ ಎಂದು ಬಿಡಿಸಿ ಹೇಳಿ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತೆಂದೂ ನೋಡಿಕೊಳ್ಳಿ.

ಮೂರನೆಯದು ಕೈ. ಬೀಳುವವರು ಸಹಜವಾಗಿ ಅಂಗೈ ಚಾಚುತ್ತಾರೆ, ಐವತ್ತು ದಾಟಿದವರ ಮಣಿಕಟ್ಟು ಅಲ್ಲಿಯೇ ಮುರಿಯುತ್ತದೆ. ಗದಗ ಗಾಳಿ ಅವರಿಗೆ ಆದದ್ದೂ ಇಂಥದ್ದೇ. ಮಣಿಕಟ್ಟಿನ ರಕ್ಷಣೆ, ಮೊಣಕಾಲಿನ ಪ್ಯಾಡ್, ಪೂರ್ತಿ ಬೆರಳಿನ ಕೈಗವಸು ಮೊದಲ ದಿನದಿಂದಲೇ ಇರಲಿ. ಹೆಲ್ಮೆಟ್ ಗದ್ದವನ್ನೂ ಮುಚ್ಚುವಂಥದ್ದು. ಸಾಮಾನ್ಯ ಸೈಕಲ್ ಹೆಲ್ಮೆಟ್ ಮೇಲೆ ಇಎನ್ 1078 ಎಂದಿರುತ್ತದೆ, ಡೌನ್‌ಹಿಲ್‌ಗೆಂದೇ ಇರುವ ಮಾನದಂಡ ಎಎಸ್‌ಟಿಎಂ ಎಫ್1952. ಮೊಣಕಾಲು ನೋವಿಗೆ, ಮೆಟ್ಟಿಲಿನ ಕೊನೆಯ ಹಂತದ ಮೇಲೆ ಒಂದೇ ಕಾಲಿನಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಕಿಸಿ ಮೇಲೇಳುವುದು, ದಿನಕ್ಕೆ ಹತ್ತು ಹತ್ತು ಸಲ. ನೋವು ಹೆಚ್ಚಿದರೆ ನಿಲ್ಲಿಸಿ, ಬಂದು ತೋರಿಸಿ.

ಮತ್ತೆ, ಮನೆಯವರಿಗೆ ಹೇಳಿ. ಒಬ್ಬರೇ ಹೋಗಬೇಡಿ.

ಎರೆ ಹೊಲ, ಕುಂದಗೋಳ

ನನ್ನದೊಂದು ಸಣ್ಣ ಪ್ರಶ್ನೆ. ಬಳ್ಳಾರಿ ಜಾಲಿಯ ಮುಳ್ಳಿಗೆ ಏನು ಮಾಡುತ್ತೀರಿ? ನನಗೆ ವಾರಕ್ಕೆರಡು ಪಂಕ್ಚರ್.

ಗದಗ ಗಾಳಿ

ಟ್ಯೂಬ್ ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ ದ್ರವ ಹಾಕಿಸಿ. ಮುಳ್ಳು ಚುಚ್ಚಿದರೆ ‘ಸ್ಸ್’ ಎಂದು ನಾಲ್ಕು ಸುತ್ತು ಬಿಳಿ ಹನಿ ಚಿಮ್ಮಿ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ಹಾಕಬೇಕು. ಟ್ಯೂಬ್ ಇಲ್ಲದಿದ್ದರೆ ಗಾಳಿ ಕಡಿಮೆ ಇಟ್ಟರೂ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಚಿವುಟಿ ತೂತಾಗುವ ಭಯವಿಲ್ಲ. ನಾನು 24 ಪಿಎಸ್‌ಐ ಇಡುತ್ತೇನೆ, ಸಡಿಲ ಮೊರಂ ಮೇಲೆ ಟೈರು ಅಂಗಾಲಿನ ಹಾಗೆ ಹರಡಿ ಹಿಡಿಯುತ್ತದೆ.

ಎರೆ ಮಣ್ಣಿಗೆ ಮಾತ್ರ ಯಾವ ಟೈರೂ ಉತ್ತರವಲ್ಲ. ಮಳೆ ಬಿದ್ದ ಮರುದಿನ ಹೋದರೆ ನೂರು ಹೆಜ್ಜೆಗೆ ಚಕ್ರ ಫೋರ್ಕಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಆ ದಿನಗಳಲ್ಲಿ ಮಸಾರಿ (ಕೆಂಪು ಮಣ್ಣಿನ) ನೆಲ ಹುಡುಕಿಕೊಂಡು ಹೋಗಬೇಕು.

ಉಣಕಲ್ ಸವಾರ

ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ನೃಪತುಂಗ ಬೆಟ್ಟದಲ್ಲಿ ಬೆಳಿಗ್ಗೆ ವಾಯುವಿಹಾರಕ್ಕೆ ಬರುವವರು ತುಂಬಿರುತ್ತಾರೆ, ಮಕ್ಕಳಿರುತ್ತಾರೆ. ಅಲ್ಲಿ ಹತ್ತುವ ಅಭ್ಯಾಸ ಮಾಡಿ, ಇಳಿಯುವ ವೇಗ ಬೇಡ. ಕಪ್ಪತಗುಡ್ಡದ ಆಸೆ ಎಲ್ಲರಿಗೂ ಇದೆ, ಆ ಕೆಂಪು ಮಣ್ಣು, ಗಾಳಿಯಂತ್ರಗಳ ಸಾಲು ನೋಡಿದರೆ ಯಾರಿಗಿರುವುದಿಲ್ಲ? ಆದರೆ 2019ರಲ್ಲಿ ಅದು ವನ್ಯಜೀವಿಧಾಮವಾಗಿದೆ. ತೋಳ, ಕತ್ತೆಕಿರುಬ, ಚಿರತೆಗಳ ಮನೆ ಅದು. ಅರಣ್ಯ ಇಲಾಖೆಯನ್ನು ಕೇಳದೆ ಕಾಲುದಾರಿಗಳಿಗೆ ಇಳಿಯಬಾರದು. ಅನುಮತಿ ಇಲ್ಲವೆಂದರೆ ಹಿಂದಕ್ಕೆ ಬರಬೇಕು. ಹೊಸ ದಾರಿ ಕಡಿಯುವುದಂತೂ ಬೇಡವೇ ಬೇಡ. ಒಂದು ಮಳೆಗೆ ಅದು ಕೊರಕಲಾಗುತ್ತದೆ. ಊರಿನವರ ಒಪ್ಪಿಗೆಯಿಂದ ಬಳಸುವ ಹೊಲದ ಬಂಡಿದಾರಿಗಳು, ಗೋಮಾಳದ ದಿಬ್ಬಗಳು ನಮಗೆ ಸಾಕಷ್ಟಿವೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಗದಗಿನಲ್ಲಿಯೇ. ನಮ್ಮ ನೆಲಕ್ಕೆ ಯೋಗ್ಯತೆ ಇದೆ.

ಸಾಧನಕೇರಿ ದಂಡೆ (ಆರು ವಾರಗಳ ನಂತರ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಡೆದದ್ದನ್ನು ಹೇಳುತ್ತೇನೆ.

ಮೊದಲು ಮನೆಯಲ್ಲಿ ಹೇಳಿದೆ. ಹೆಂಡತಿ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಅವಳೇ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ಈ ಚರ್ಚೆಯನ್ನೆಲ್ಲ ಓದಿದ್ದಳು.

ಏಲಕ್ಕಿ ಹಾರ ಅವರು ತಮ್ಮ ಟ್ರೇಲ್ ಸೈಕಲ್ಲನ್ನು ಹಾವೇರಿಯಿಂದ ಕಾರಿನ ಮೇಲೆ ಕಟ್ಟಿಕೊಂಡು ಬಂದರು. ಗದಗ ಗಾಳಿ ಅವರು ಹಾರ್ಡ್‌ಟೇಲ್ ತಂದರು. ಒಂದೇ ದಿಬ್ಬ, ಒಂದೇ ಬೆಳಿಗ್ಗೆ, ಎರಡರಲ್ಲಿಯೂ ನಾಲ್ಕು ನಾಲ್ಕು ಸಲ ಇಳಿದೆ. ಟ್ರೇಲ್ ಸೈಕಲ್ಲಿನಲ್ಲಿ ಕಲ್ಲುಗಳು ಕಂಬಳಿ ಹೊದ್ದು ಮಲಗಿದ ಹಾಗಿದ್ದವು. ಬೆನ್ನಿಗೆ ಅದೇ ಹಿತ, ಇದರಲ್ಲಿ ಎರಡು ಮಾತಿಲ್ಲ. ಆದರೆ ಹಾರ್ಡ್‌ಟೇಲಿನಲ್ಲಿ ಮೂರನೆಯ ಸಲ ಇಳಿಯುವಾಗ ಒಂದು ಸಂಗತಿ ತಿಳಿಯಿತು. ಹಿಂದಿನ ಚಕ್ರ ಒಂದು ಹಾಸುಗಲ್ಲಿಗೆ ತಾಗಿ ಕುಪ್ಪಳಿಸಿತು. ನಾನು ಮೊಣಕಾಲು ನೆಟ್ಟಗೆ ಮಾಡಿ ಮರದ ಕೊರಡಿನಂತೆ ನಿಂತಿದ್ದೆ, ಏಟು ನೇರ ಸೊಂಟಕ್ಕೆ ಬಂತು. ನಾಲ್ಕನೆಯ ಸಲ ಅದೇ ಕಲ್ಲಿಗೆ ಬರುವ ಮೊದಲು ಮೊಣಕಾಲು ಸಡಿಲಿಸಿದೆ, ಹಿಮ್ಮಡಿ ಕೆಳಗೆ ಒತ್ತಿದೆ. ಕುಪ್ಪಳಿಸಿದ್ದು ಚಕ್ರ ಮಾತ್ರ, ನಾನಲ್ಲ. ಟ್ರೇಲ್ ಸೈಕಲ್ಲಿನಲ್ಲಿ ಆ ಕಲ್ಲು ಇದೆಯೆಂದೇ ನನಗೆ ಗೊತ್ತಾಗಿರಲಿಲ್ಲ.

ಹಾಗಾಗಿ ಹಾರ್ಡ್‌ಟೇಲ್ ಕೊಂಡೆ. ಮಧ್ಯಮ ಅಳತೆಯ ಫ್ರೇಮು, 29 ಅಂಗುಲದ ಚಕ್ರ, 120 ಮಿಲಿಮೀಟರ್ ಫೋರ್ಕ್, ಎರಡೂ ಕಡೆ 180ರ ಡಿಸ್ಕ್, ಬಲಗೈಗೆ ಮುಂದಿನ ಬ್ರೇಕ್. ಬೆನ್ನಿನ ಸಲುವಾಗಿ ಟೈರ್ ಮಾತ್ರ 2.6 ಅಂಗುಲದ್ದು ಹಾಕಿಸಿದೆ. ಡ್ರಾಪರ್ ಬೇರೆಯಾಗಿ ಕೂರಿಸಿದರು. ಹೆಲ್ಮೆಟ್, ಪ್ಯಾಡುಗಳು, ಕನ್ನಡಕ ಎಲ್ಲ ಸೇರಿ ಲಕ್ಷದ ಒಳಗೇ ಮುಗಿಯಿತು. ಇನ್ನೊಂದು ವರ್ಷಕ್ಕೆ ಸೊಂಟ ಬೇಡವೆಂದರೆ ಏಲಕ್ಕಿ ಹಾರ ಅವರ ಮಾತಿಗೇ ಬರುತ್ತೇನೆ, ಅವರಿಗೆ ಎದುರಿನಲ್ಲೇ ಹೇಳಿದ್ದೇನೆ.

ನಿನ್ನೆ ಬೆಳಿಗ್ಗೆ ಮೊದಲ ಬಾರಿಗೆ ಮೇಲಿಂದ ಕೆಳಗಿನವರೆಗೆ ಕಾಲು ಊರದೆ ಇಳಿದೆ. ಕೆಳಗೆ ಒಂದು ಬಂಡೆಯ ಮೇಲೆ ಕುಳಿತು ಕೈಗವಸು ಬಿಚ್ಚಿದಾಗ ಬೆರಳುಗಳು ನಡುಗುತ್ತಿದ್ದವು. ಬ್ರೇಕಿನ ಕಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಬಾಟಲಿಯ ಮುಚ್ಚಳದಿಂದ ಎರಡು ಹನಿ ನೀರು ಡಿಸ್ಕಿನ ಮೇಲೆ ಬಿತ್ತು, ಚುಯ್ ಎಂದು ಆರಿತು. ರೀಪ್ಯಾಕಿನ ಹುಡುಗರು ನೆನಪಾದರು.

ಈಗ ಒಂದು ಸಹಾಯ ಬೇಕು. ಎಷ್ಟು ಕುಸಿಯಿತೆಂದು ತೋರಿಸಲು ಫೋರ್ಕಿನ ಕಾಲಿಗೆ ಸುತ್ತಿದ ರಬ್ಬರ್ ಉಂಗುರ ನಾನು ಸುಮ್ಮನೆ ಏರಿ ನಿಂತರೆ 15 ಮಿಲಿಮೀಟರ್ ಮಾತ್ರ ಸರಿಯುತ್ತಿದೆ. 120ರ ಫೋರ್ಕಿಗೆ 30ರ ಹತ್ತಿರ ಬರಬೇಕೆಂದು ಓದಿದೆ. ಗಾಳಿ ಹೆಚ್ಚಾಗಿದೆಯೇ? ಫೋರ್ಕಿಗೆ ಗಾಳಿ ಹಾಕುವ ಪಂಪ್ ಧಾರವಾಡದಲ್ಲಿ ಯಾರ ಹತ್ತಿರವಾದರೂ ಇದೆಯೇ?

ಏಲಕ್ಕಿ ಹಾರ

ಹೌದು, ಗಾಳಿ ಹೆಚ್ಚಾಗಿದೆ. ನೀವಾಗಿಯೇ ವಾಲ್ವ್ ಒತ್ತಿ ಬಿಡಬೇಡಿ, ಒಳಗೆ ಗಾಳಿ ಇರುವ ಜಾಗ ಬಹಳ ಚಿಕ್ಕದು, ಅಳತೆಯಿಲ್ಲದೆ ಒಂದು ಸಲ ಒತ್ತಿದರೆ ಪೂರ್ತಿ ಇಳಿದುಬಿಡುತ್ತದೆ. ಪಂಪ್ ನನ್ನ ಬಳಿ ಇದೆ. ಭಾನುವಾರ ಆರೂವರೆಗೆ ಕೆಲಗೇರಿ ಕೆರೆಯ ಏರಿಯ ಹತ್ತಿರ ಬರುತ್ತೇನೆ, ನೀವು ಇಳಿಯುವಾಗ ಹಾಕಿಕೊಳ್ಳುವ ಚೀಲ, ಹೆಲ್ಮೆಟ್ ಎಲ್ಲ ಹಾಕಿಕೊಂಡೇ ಬನ್ನಿ. ಆ ತೂಕದಲ್ಲಿಯೇ ಅಳೆಯಬೇಕು.